ಕೊನೆಯ ಬೆಂಚಿನ ಮಗುವೂ ಕ್ರೈಸ್ತ ಶಿಕ್ಷಕರ ಸಾಕ್ಷ್ಯವೂ

ಸೆಪ್ಟೆಂಬರ್ 5 ನಮ್ಮ ದೇಶದಲ್ಲಿ ಶಿಕ್ಷಕರ ದಿನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರವನ್ನು ಬೋಧಿಸಿ, ಮುಂದೆ ರಾಷ್ಟ್ರಪತಿ ಪದವಿಯನ್ನು ಅಲಂಕರಿಸಿದ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವದು. ಅದೇ ದಿನ ಧರ್ಮಸಭೆಯು ಕೊಲ್ಕತ್ತಾದ ಸಂತ ತೆರೇಸಾ ಅವರನ್ನು ಸ್ಮರಿಸುತ್ತದೆ; 1997ರ ಸೆಪ್ಟೆಂಬರ್ 5ರಂದು ಆಕೆ ದೈವಾಧೀನರಾದರು. ಬೀದಿಬದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡವರೆಂದು ಲೋಕವೆಲ್ಲ ಬಲ್ಲ ಈ ಮಹಾತಾಯಿ ಅದಕ್ಕೂ ಮುನ್ನ ಹಲವು ವರ್ಷ ಶಾಲಾ ಶಿಕ್ಷಕಿಯಾಗಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕೊಲ್ಕತ್ತಾದ ಎಂಟಾಲಿಯ ಸಂತ ಮೇರಿ ಶಾಲೆಯಲ್ಲಿ 1931ರಿಂದ 1948ರವರೆಗೆ ಆಕೆ ಭೂಗೋಳವೇ ಮೊದಲಾದ ಪಾಠಗಳನ್ನು ಕಲಿಸಿದರು, 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಆ ಶಾಲೆಯ ಗೋಡೆಯಾಚೆ ಮೋತಿಝೀಲ್ ಎಂಬ ಕೊಳೆಗೇರಿಯಿತ್ತು. 1948ರ ಡಿಸೆಂಬರಿನಲ್ಲಿ ಅಲ್ಲಿಗೆ ಕಾಲಿಟ್ಟಾಗ ಆಕೆ ಕೈಹಾಕಿದ ಮೊದಲ ಕೆಲಸಗಳಲ್ಲಿ ಒಂದು, ಬಯಲಿನಲ್ಲಿ ಮಕ್ಕಳನ್ನು ಕೂಡಿಸಿ, ಕರಿಹಲಗೆಯಿಲ್ಲದ ಕಾರಣ ಕೋಲಿನಿಂದ ನೆಲದ ಮೇಲೆ ಅಕ್ಷರ ಬರೆದು ಕಲಿಸಿದ್ದು. ಗೋಡೆಯನ್ನು ದಾಟಿದ ಮೇಲೂ ಆಕೆ ಶಿಕ್ಷಕಿಯಾಗಿಯೇ ಉಳಿದರು. ಇಂದು ನಮ್ಮ ಶಿಕ್ಷಕ ಶಿಕ್ಷಕಿಯರ ಮುಂದಿರುವ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ: ನಮ್ಮ ಶಾಲೆಗಳ ಗೋಡೆ ಯಾವ ಮಗುವನ್ನು ಹೊರಗಿಡುತ್ತಿದೆ?

ಶಾಲೆಯಲ್ಲಿ ಕ್ರೈಸ್ತ ವಿಶ್ವಾಸವನ್ನು ಬಾಳುವುದೆಂದರೇನು ಎಂದು ಕೇಳಿದರೆ ಗೋಡೆಯ ಮೇಲಿನ ಶಿಲುಬೆ, ಬೆಳಗಿನ ಪ್ರಾರ್ಥನೆ, ಧರ್ಮೋಪದೇಶದ ತರಗತಿ ಇವುಗಳನ್ನು ನಾವು ಥಟ್ಟನೆ ಹೆಸರಿಸುತ್ತೇವೆ. ಇವು ಬೇಡವೆಂದಲ್ಲ. ಆದರೆ ನಮ್ಮ ಸಮುದಾಯದ ಎಷ್ಟೋ ಶಿಕ್ಷಕರು ಸರ್ಕಾರಿ ಶಾಲೆಗಳಲ್ಲಿಯೂ ಅನ್ಯರ ಆಡಳಿತದ ಶಾಲೆಗಳಲ್ಲಿಯೂ ದುಡಿಯುತ್ತಿದ್ದಾರೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದೂ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸಬಾರದೆಂದೂ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದು ನ್ಯಾಯವಾದ ವಿಧಿ. ಅದನ್ನು ಪಾಲಿಸುವುದು ನಮ್ಮ ಕರ್ತವ್ಯ. ಹಾಗಾದರೆ ಈ ಶಿಕ್ಷಕರ ವಿಶ್ವಾಸ ಶಾಲೆಯ ಗೇಟಿನ ಹೊರಗೇ ನಿಲ್ಲಬೇಕೆ? ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯು, ಶಿಕ್ಷಕರು ಬೋಧನೆಯಿಂದಷ್ಟೇ ಅಲ್ಲ, ಬಾಳಿನಿಂದಲೂ ಕ್ರಿಸ್ತರಿಗೆ ಸಾಕ್ಷಿಗಳಾಗಬೇಕೆಂದು ಬಯಸಿತು. ಮಾತಿಗೆ ಎಡೆಯಿಲ್ಲದ ಕಡೆಯಲ್ಲಿ ಬಾಳಿಗೆ ಎಡೆಯಿದ್ದೇ ಇದೆ.

ಆ ಬಾಳಿನ ಬುನಾದಿ ಯಾವುದು? ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸತ್ಯದ ಕುರಿತಾದ ತಮ್ಮ ಗ್ರಂಥದಲ್ಲಿ ಶಿಕ್ಷಕರ ಬಗೆಗೇ ಒಂದು ಪ್ರಕರಣವನ್ನು ಮೀಸಲಿಟ್ಟರು. ಅವರು ಕೊಡುವ ಹೋಲಿಕೆ ವೈದ್ಯನದು. ರೋಗಿಯ ದೇಹದಲ್ಲಿಯೇ ಗುಣವಾಗುವ ಶಕ್ತಿ ಇರುತ್ತದೆ. ವೈದ್ಯನು ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವ ಬೆಳಕನ್ನು ದೇವರು ವಿದ್ಯಾರ್ಥಿಯ ಒಳಗೇ ಇಟ್ಟಿದ್ದಾರೆ. ಶಿಕ್ಷಕನು ಅದಕ್ಕೆ ಆಸರೆಯಾಗುತ್ತಾನೆ. ಬರಿದಾದ ಕೊಡಕ್ಕೆ ನೀರು ಸುರಿದಂತೆ ವಿದ್ಯೆಯನ್ನು ಸುರಿಯಲು ಬಾರದು. ಈ ತತ್ತ್ವವನ್ನು ಒಪ್ಪಿದ ಮೇಲೆ ಯಾವ ಮಗುವನ್ನೂ ‘ದಡ್ಡ’ ಎಂದು ಕೈಬಿಡಲು ನಮಗೆ ಅಧಿಕಾರವಿಲ್ಲ. ಮಂದವಾಗಿ ಉರಿಯುವ ದೀಪವೂ ದೇವರು ಹಚ್ಚಿದ ದೀಪವೇ. ಅದಕ್ಕೆ ಎಣ್ಣೆ ಬೇಕು, ಗಾಳಿಗೆ ಮರೆಯಾಗಿ ಹಿಡಿಯುವ ಕೈ ಬೇಕು.

ಈ ನಂಬಿಕೆಗೆ ಇಂದಿನ ಶಾಲೆಯಲ್ಲಿ ಎದುರಾಗುವ ಮೊದಲ ಪರೀಕ್ಷೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಫಲಕ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ಶಾಲೆಯ ಗೇಟಿಗೆ ಅದನ್ನು ಕಟ್ಟುತ್ತಾರೆ. ಆ ಅಂಕಿಯ ಹಿಂದೆ ಪ್ರಾಮಾಣಿಕ ದುಡಿಮೆ ಇದ್ದಲ್ಲಿ ಅದಕ್ಕೆ ನಮ್ಮ ನಮನ. ಆದರೆ ಒಂಬತ್ತನೆಯ ತರಗತಿಯ ಕೊನೆಗೆ ಬಡ ತಂದೆಯೊಬ್ಬನನ್ನು ಕರೆಸಿ, ‘ನಿಮ್ಮ ಹುಡುಗನಿಗೆ ಇಲ್ಲಿ ಆಗುವುದಿಲ್ಲ, ಟಿ.ಸಿ. ತೆಗೆದುಕೊಂಡು ಹೋಗಿ’ ಎಂದೋ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸಿ ಎಂದೋ ಹೇಳಿ ಕಳುಹಿಸಿ ಗಳಿಸಿದ ನೂರು, ನೂರಲ್ಲ. ಕಾಣೆಯಾದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮತಿಯನ್ನು ಭಾನುವಾರ ಕೇಳಿ, ಸೋಮವಾರ ತೊಂಬತ್ತೊಂಬತ್ತರ ಕೀರ್ತಿಗಾಗಿ ಒಂದನ್ನು ಹೊರದೂಡುವುದು ಹೇಗೆ ಸಾಧ್ಯ? ಅಂಥ ಪಟ್ಟಿ ಸಿದ್ಧವಾಗುವಾಗ ಶಿಕ್ಷಕರ ಕೊಠಡಿಯಲ್ಲಿ ಒಬ್ಬರಾದರೂ ಎದ್ದು, ‘ಈ ಮಗುವಿಗೆ ಸಂಜೆ ಒಂದು ತಾಸು ನಾನು ಕೂರುತ್ತೇನೆ, ಹೆಸರು ಹೊಡೆಯಬೇಡಿ’ ಎಂದರೆ ಅದು ಶುಭಸಂದೇಶದ ಸಾರುವಿಕೆಯೇ ಸರಿ. ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಈ ಪರೀಕ್ಷೆ ಬರೆಯುವ ಅವಕಾಶ ಇರುವಾಗ, ಮಗುವಿಗೆ ಎರಡನೆಯ ಅವಕಾಶ ಕೊಡಲಾರೆವೆಂಬ ಮಾತಿಗೆ ಅರ್ಥವೂ ಇಲ್ಲ.

ಎರಡನೆಯ ಪರೀಕ್ಷೆ ಸತ್ಯದ್ದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಿಗಿಯಾದ 2024ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಇದಕ್ಕೆ ಕಾರಣಗಳು ಹಲವಿರಬಹುದು. ಆದರೂ ಒಂದು ಪ್ರಶ್ನೆಯನ್ನು ನಾವು ನುಂಗಿಕೊಳ್ಳಲಾಗದು: ಕ್ಯಾಮರಾದ ಕಣ್ಣಿಗೆ ಅಂಜುವ ನಾವು, ಸದಾ ನೋಡುತ್ತಿರುವ ಕಣ್ಣನ್ನು ಮರೆತೆವೇ? ನಕಲಿಗೆ ಕಣ್ಣುಮುಚ್ಚಿಕೊಂಡ ಶಿಕ್ಷಕ ಮಗುವಿಗೆ ಉಪಕಾರ ಮಾಡಲಿಲ್ಲ. ಸುಳ್ಳಿನಿಂದಲೂ ಬದುಕಬಹುದೆಂಬ ಪಾಠವನ್ನು ಆತ ಕಲಿಸಿದ. ಮಗು ಮರೆಯದೆ ಉಳಿಸಿಕೊಳ್ಳುವುದು ಅದನ್ನೇ.

ಮೂರನೆಯದು ಕೈಯ, ನಾಲಿಗೆಯ ಸಂಯಮ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 28ನೆಯ ಪ್ರಕರಣ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ತಡೆಯುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆ ತೀರ್ಪು ಸರಿಯೇ ಎಂಬ ಸಂದೇಹವನ್ನು 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಎತ್ತಿದೆ. ಕಾನೂನಿನ ಆ ಚರ್ಚೆ ಎತ್ತ ಸಾಗಿದರೂ ನಮ್ಮ ಮಟ್ಟಿಗೆ ಒಂದು ಮಾತು ನಿಶ್ಚಿತ. ಮಗುವನ್ನು ಎತ್ತಿ ಶಿಷ್ಯರ ನಡುವೆ ನಿಲ್ಲಿಸಿ, ಅದನ್ನು ಬರಮಾಡಿಕೊಂಡವರು ತಮ್ಮನ್ನೇ ಬರಮಾಡಿಕೊಂಡಂತೆ ಎಂದ ಯೇಸುಸ್ವಾಮಿಯ ಆಜ್ಞೆಯಿಂದ ಯಾವ ನ್ಯಾಯಾಲಯವೂ ನಮಗೆ ವಿನಾಯಿತಿ ಕೊಡಲಾರದು. ಇಡೀ ತರಗತಿಯ ಎದುರು ಮಗುವಿನ ಬಡತನವನ್ನು, ಜಾತಿಯನ್ನು, ತಂದೆಯ ಕುಡಿತವನ್ನು ಎತ್ತಿ ಆಡಿದ ಮಾತು ಬೆತ್ತದ ಬಾಸುಂಡೆಗಿಂತ ಆಳವಾಗಿ ಉಳಿಯುತ್ತದೆ. ಹಾಗೆಯೇ, ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಸಂಜೆಯ ಟ್ಯೂಷನ್ನಿಗೆ ಇಟ್ಟುಕೊಳ್ಳುವುದು ಸಂಬಳ ಪಡೆದ ದುಡಿಮೆಯನ್ನು ಎರಡನೆಯ ಬಾರಿ ಮಾರಿದಂತೆ. ನಮ್ಮವರ ಮಗುವೆಂದು ಎರಡು ಅಂಕ ಹೆಚ್ಚು ಕೊಡುವುದೂ ಧರ್ಮಾಭಿಮಾನವಲ್ಲ. ಅದು ಪಕ್ಕದ ಬೆಂಚಿನ ಮಗುವಿಗೆ ಮಾಡಿದ ಅನ್ಯಾಯ.

ಇಷ್ಟನ್ನೂ ಶಿಕ್ಷಕರ ತಲೆಯ ಮೇಲೆಯೇ ಹೊರಿಸಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ತರಗತಿ ತುಂಬ ಮಕ್ಕಳು, ಮುಗಿಯದ ದಾಖಲೆಗಳು, ಗಣತಿ ಮತ್ತು ಚುನಾವಣೆಯ ಹೊಣೆ, ಅನುದಾನವಿಲ್ಲದ ಶಾಲೆಗಳಲ್ಲಿ ಸಂಸಾರ ಸಾಗಿಸಲು ಸಾಲದ ಸಂಬಳ, ಇವೆಲ್ಲದರ ನಡುವೆ ಮೇಣದಬತ್ತಿಯಂತೆ ಕರಗುತ್ತಿರುವವರನ್ನು ನಾವು ಬಲ್ಲೆವು. ದುಡಿಯುವವನಿಗೆ ಕುಟುಂಬ ಪೋಷಿಸುವಷ್ಟು ನ್ಯಾಯವಾದ ವೇತನ ಸಲ್ಲಬೇಕೆಂಬುದನ್ನು ಜಗದ್ಗುರು ಹದಿಮೂರನೆಯ ಲಿಯೋ ಅವರ 1891ರ ವಿಶ್ವಪತ್ರದ ಕಾಲದಿಂದ ಧರ್ಮಸಭೆ ಬೋಧಿಸುತ್ತ ಬಂದಿದೆ. ಆ ಬೋಧನೆ ಕಾರ್ಖಾನೆಗಳಿಗೆ ಮಾತ್ರವಲ್ಲ, ಶಿಲುಬೆಯನ್ನು ಹೊತ್ತ ಶಾಲೆಗಳ ಆಡಳಿತಕ್ಕೂ ಅನ್ವಯಿಸುತ್ತದೆ. ಶಿಕ್ಷಕಿಯನ್ನು ನ್ಯಾಯವಾಗಿ ನಡೆಸಿಕೊಳ್ಳದ ಶಾಲೆ ಆಕೆಯಿಂದ ಮಕ್ಕಳಿಗೆ ನ್ಯಾಯವನ್ನು ಹೇಗೆ ತಾನೆ ಬಯಸೀತು?

ಇನ್ನು ತಂದೆತಾಯಿಗಳು. ಫಲಕ ಕಟ್ಟುವುದು ಶಾಲೆಯಾದರೂ ಅದನ್ನು ಬೇಡುವವರು ನಾವೇ ಅಲ್ಲವೆ? ಆದ್ದರಿಂದ ನಮ್ಮ ಓದುಗ ಕುಟುಂಬಗಳಿಗೆ ಒಂದು ಸಣ್ಣ ಸಲಹೆ. ಮುಂದಿನ ಪೋಷಕರ ಸಭೆಯಲ್ಲಿ ಶೇಕಡಾ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿರಿ: ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಇದೇ ಶಾಲೆಯಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು? ನಡುವೆ ಬಿಟ್ಟುಹೋದವರು ಯಾರು, ಈಗ ಎಲ್ಲಿದ್ದಾರೆ? ಧರ್ಮಕೇಂದ್ರಗಳ ಪಾಲನಾ ಸಮಿತಿಗಳೂ ಈ ಲೆಕ್ಕವನ್ನು ಕೇಳಲಿ. ನಿವೃತ್ತ ಶಿಕ್ಷಕರೂ ಕಾಲೇಜು ಓದುತ್ತಿರುವ ತರುಣ ತರುಣಿಯರೂ ವಾರಕ್ಕೆ ಎರಡು ಸಂಜೆ ಕೊಟ್ಟರೆ ಧರ್ಮಕೇಂದ್ರದ ಸಭಾಂಗಣವೇ ಹಿಂದುಳಿದ ಮಕ್ಕಳ ಓದಿನ ಮನೆಯಾದೀತು. ಯಾವ ಮತದ ಮಗುವೆಂದು ಅಲ್ಲಿ ಯಾರೂ ಕೇಳದಿರಲಿ.

ಅಂತಿಮ ತೀರ್ಪಿನ ದಿನ ಪ್ರಭು ಕ್ರಿಸ್ತರು ಕೇಳುವುದು ಹಸಿದವರ, ಬಾಯಾರಿದವರ, ಪರದೇಶಿಗಳ ವಿಚಾರವನ್ನೆಂದು ಸಂತ ಮತ್ತಾಯರು ಬರೆದಿಟ್ಟಿದ್ದಾರೆ. ಶಿಕ್ಷಕರ ಪಾಲಿಗೆ ಆ ಹಸಿದವರು ಹಾಜರಿ ಪುಸ್ತಕದ ಕೊನೆಯ ಸಾಲುಗಳಲ್ಲಿ ಇದ್ದಾರೆ. ಶಿಕ್ಷಕರ ದಿನದಂದು ಕೊಡುವ ಹೂಗುಚ್ಛ ಸಂಜೆಗೆ ಬಾಡುತ್ತದೆ. ಕೈಬಿಡದೆ ಉಳಿಸಿಕೊಂಡ ಒಂದು ಮಗು ಮುಂದೊಂದು ದಿನ ತನ್ನ ಮಕ್ಕಳಿಗೆ, ‘ನಮ್ಮ ಟೀಚರ್ ಒಬ್ಬರಿದ್ದರು’ ಎಂದು ಹೇಳುತ್ತದೆ. ಆ ಮಾತಿಗೆ ತಕ್ಕವರಾಗುವ ವರವನ್ನು ದೇವರು ನಮ್ಮ ಎಲ್ಲ ಶಿಕ್ಷಕ ಶಿಕ್ಷಕಿಯರಿಗೆ ದಯಪಾಲಿಸಲಿ. ಅವರ ಬೆನ್ನಿಗೆ ನಿಲ್ಲುವ ಮನಸ್ಸನ್ನು ನಮಗೂ ಕರುಣಿಸಲಿ.