ವಾದ್ಯದ ಪಟ್ಟಿಗೆ ಮೈಕೂ ಸೇರಲಿ

ಲೋಕಪಾವನಿಯು ಕಾವೇರಿಯನ್ನು ಕೂಡುವ ಎಡೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಸಮೀಪವಾಗಿ ನಿಂತಿರುವ ಕರಿಘಟ್ಟ ಯಾತ್ರಿಕರಿಗೆ ವೆಂಕಟರಮಣನ ಬೆಟ್ಟ. ಬೆಟ್ಟದ ಮೇಲೆ ನಿಂತರೆ ಕಾಣುವ ಸೀಮೆ ಮತ್ತು ಅದರಾಚೆಗೆ ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆಯವರೆಗೆ ಹಬ್ಬಿದ ಬಯಲು ಒಂಟಿ ಗಾಯಕರ ನಾಡೂ ಹೌದು. ತಂಬೂರಿ ಪದದವರು, ಹರಿಕಥೆಯ ದಾಸರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಹೆಸರಿನಲ್ಲಿ ಕಂಸಾಳೆ ಹಿಡಿದ ದೇವರಗುಡ್ಡರು ಇಲ್ಲಿನ ಜಾತ್ರೆ, ಹರಕೆ, ತಿಥಿಗಳನ್ನು ನಂಬಿ ಬಾಳಿದವರು. ಈಚೆಗೆ ಇವರ ಸಾಲಿಗೆ, ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಮದುವೆ ಛತ್ರದಲ್ಲಿ ಒಬ್ಬನೇ ನಿಂತು ಸಂಜೆಯಿಡೀ ಹಾಡುವ ಯುವಕನೂ ಸೇರಿದ್ದಾನೆ.

ಈ ಪೈಕಿ ಹಳೆಯ ಕಲಾವಿದರಿಗೆಲ್ಲ ಸಮಾನವಾದ ಒಂದು ಸಂಗತಿಯಿದೆ. ಅವರ ಎರಡು ಕೈಗಳಿಗೂ ಬಿಡುವಿಲ್ಲ. ತಂಬೂರಿಯವರ ಒಂದು ಕೈ ತಂತಿ ಮೀಟುತ್ತಿದ್ದರೆ ಇನ್ನೊಂದು ಕೈ ಗಗ್ಗರ ನುಡಿಸುತ್ತಿರುತ್ತದೆ. ದಾಸರ ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ. ಕಂಸಾಳೆಯಂತೂ ಬೀಸುವ ವಾದ್ಯ. ಆದ್ದರಿಂದ ಧ್ವನಿವರ್ಧಕ ಬಂದಂದಿನಿಂದ ಇವರಿಗೆ ಒದಗಿದ್ದು ನೆಲಕ್ಕೆ ನಿಲ್ಲಿಸಿದ ಸ್ಟ್ಯಾಂಡ್ ಮೈಕು ಮಾತ್ರ. ಹರಿಕಥೆಯ ದಾಸರು ನಾರದನಾಗಿ ಬಲಕ್ಕೆ ತಿರುಗಿ ಪ್ರಶ್ನೆ ಕೇಳಬೇಕು, ಕಂಸನಾಗಿ ಎಡಕ್ಕೆ ತಿರುಗಿ ಉತ್ತರಿಸಬೇಕು. ಹಾಗೆ ತಿರುಗಿದೊಡನೆ ಅರ್ಧ ಮಾತು ಗಾಳಿಯ ಪಾಲು. ಕಾಲಕ್ರಮದಲ್ಲಿ ದಾಸರು ತಿರುಗುವುದನ್ನು ಬಿಟ್ಟರು, ಕುಣಿಯುವುದನ್ನೂ ಕಡಿಮೆ ಮಾಡಿದರು. ಹರಿಕಥೆಯಲ್ಲಿ ಕಥೆ ಉಳಿದು ಅಭಿನಯ ಸೊರಗಿದ್ದಕ್ಕೆ ಪ್ರೇಕ್ಷಕರ ಅಭಿರುಚಿಯನ್ನೇ ದೂರುವ ವಿಮರ್ಶಕರು ಈ ಕಬ್ಬಿಣದ ಕಂಬವನ್ನು ಗಮನಿಸಿದಂತಿಲ್ಲ.

ಈ ತೊಡಕಿಗೆ ಪರಿಹಾರ ಹುಟ್ಟಿ ನಾಲ್ಕು ದಶಕಗಳೇ ಕಳೆದಿವೆ. ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ 1979ರ ತಮ್ಮ ಪ್ರವಾಸದಲ್ಲಿ ಕುಣಿಯುತ್ತ ಹಾಡಲು ಬಯಸಿದಾಗ ಅವರ ಧ್ವನಿ ತಂತ್ರಜ್ಞರು ಬಟ್ಟೆ ನೇತುಹಾಕುವ ತಂತಿಯನ್ನು ಬಗ್ಗಿಸಿ ತಲೆಗೆ ತೊಡಿಸುವ ಮೈಕೊಂದನ್ನು ಸಿದ್ಧಪಡಿಸಿದರು. ಕುಣಿಯುತ್ತ ಹಾಡುವ ಆ ಅಗತ್ಯ ನಮ್ಮ ದಾಸರಿಗೆ ಎಂದಿನಿಂದಲೂ ಇದ್ದುದೇ. ಇಂದು ಹೆಡ್‌ಸೆಟ್ ಮೈಕ್ ಎಂದರೆ ಕಿವಿಗೆ ಸಿಕ್ಕಿಸುವ ತೆಳುವಾದ ಕಡ್ಡಿ, ಅದರ ತುದಿಯಲ್ಲಿ ಕಾಳಿನಷ್ಟು ದಪ್ಪದ ಮೈಕು, ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಟ್ರಾನ್ಸ್‌ಮಿಟರ್, ವೇದಿಕೆಯ ಬದಿಯಲ್ಲಿ ಅದರ ರಿಸೀವರ್. ಎರಡು ಮೂರು ಸಾವಿರ ರೂಪಾಯಿಯಿಂದ ಹಿಡಿದು ಹಲವು ಹತ್ತು ಸಾವಿರದವರೆಗೆ ಇದರ ಬೆಲೆ.

ಕೈಗೆ ಬಿಡುವು ಸಿಗುವುದಷ್ಟೇ ಇದರ ಲಾಭವಲ್ಲ. ಬಾಯಿಗೂ ಮೈಕಿಗೂ ನಡುವಣ ದೂರ ಇಮ್ಮಡಿಯಾದಂತೆಲ್ಲ ಮೈಕಿಗೆ ತಲಪುವ ಧ್ವನಿ ಸುಮಾರು 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಎರಡು ಬೆರಳಿನ ಅಂತರ, ಎಂದರೆ 4 ಸೆಂಟಿಮೀಟರ್, 32 ಸೆಂಟಿಮೀಟರಿಗೆ ಹೋದರೆ ನಷ್ಟ 18 ಡೆಸಿಬೆಲ್. ಸ್ಟ್ಯಾಂಡಿನ ಮುಂದೆ ನಿಂತವರು ತುಸು ಹಿಂದೆ ಸರಿದರೆ ಇಷ್ಟಾಗುತ್ತದೆ. ಆಗ ಮೈಕ್‌ಸೆಟ್‌ನವರು ಗುಂಡಿ ತಿರುಗಿಸಿ ಧ್ವನಿ ಏರಿಸುತ್ತಾರೆ. ಸ್ಪೀಕರಿನ ಸದ್ದು ಮೈಕಿಗೇ ಮರಳಿ ಬಂದು ಅದು ಕೂಗತೊಡಗುತ್ತದೆ. ಎದುರಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಬಾಯಿಂದ ಅಲುಗದ ಅಂತರದಲ್ಲಿ ಮೈಕಿದ್ದರೆ ಈ ಏರಿಳಿತದ ಹೋರಾಟವೇ ಬೇಕಿಲ್ಲ. ಕಡಿಮೆ ಸದ್ದಿನಲ್ಲಿಯೂ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಕಡಿಮೆ ಸದ್ದಿನ ಪ್ರಶ್ನೆ ಈಗ ಕೇವಲ ರಸಿಕತೆಯದಲ್ಲ, ಕಾನೂನಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸುಪ್ರೀಂ ಕೋರ್ಟು 2005ರ ಜುಲೈನಲ್ಲಿ ನೀಡಿದ ತೀರ್ಪು ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಹಬ್ಬ ಹರಿದಿನಗಳ ಸಲುವಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ಅಷ್ಟೆ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ನಿಯಮ ಸರಿಯಾದುದೇ, ಮೈಕಿನ ಅಬ್ಬರಕ್ಕೆ ನಲುಗಿದ ರೋಗಿಗಳನ್ನೂ ಪರೀಕ್ಷೆಗೆ ಓದುವ ಮಕ್ಕಳನ್ನೂ ಕಂಡ ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಬೆಳಗಿನವರೆಗೆ ಹಾಡಬೇಕಾದ ಮಂಟೇಸ್ವಾಮಿಯ ಕಥೆಗೂ ಎದೆ ನಡುಗಿಸುವ ಡಿಜೆಗೂ ಒಂದೇ ಅಳತೆಗೋಲು ಬಿದ್ದಾಗ ಮೊದಲು ಸೋಲುವವರು ನೀಲಗಾರರು. ನಿಯಮದೊಳಗೇ ಉಳಿದು, ಸಂಜೆಯ ಮೂರು ನಾಲ್ಕು ಗಂಟೆಗಳನ್ನಾದರೂ ನೆರೆಹೊರೆಯವರ ಆಕ್ಷೇಪವಿಲ್ಲದೆ ಹಾಡಬೇಕಾದರೆ, ದೊಡ್ಡ ಸ್ಪೀಕರಿಗಿಂತ ಹತ್ತಿರದ ಮೈಕು ಅವರ ನೆರವಿಗೆ ಬರುತ್ತದೆ.

ಇಷ್ಟು ಉಪಯುಕ್ತವಾದ ಸಾಧನ ಜಾತ್ರೆಯ ವೇದಿಕೆಯಲ್ಲಿ ಏಕೆ ಅಪರೂಪ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಮೈಕಿನ ಖರ್ಚು ಒಬ್ಬರದು, ಅದರ ಪ್ರಯೋಜನ ಇನ್ನೊಬ್ಬರದು. ಮೈಕ್‌ಸೆಟ್‌ನವರಿಗೆ ಬೇಕಾದುದು ಹತ್ತು ಬಾರಿ ಕೆಳಗೆ ಬಿದ್ದರೂ ಕೆಡದ, ಪುರೋಹಿತರಿಂದ ಪಂಚಾಯಿತಿ ಅಧ್ಯಕ್ಷರವರೆಗೆ ಎಲ್ಲರ ಕೈಗೂ ಕೊಡಬಹುದಾದ ಗಟ್ಟಿ ಮೈಕು. ಕೂದಲೆಳೆಯಂಥ ತಂತಿಯ ಹೆಡ್‌ಸೆಟ್ ಇಟ್ಟುಕೊಂಡರೆ ಬಾಡಿಗೆ ಹೆಚ್ಚುವುದಿಲ್ಲ, ರಿಪೇರಿಯಂತೂ ಖಚಿತ. ಅದಲ್ಲದೆ ಅದು ಒಬ್ಬರ ಬೆವರು, ಉಸಿರು ತಾಗುವ ವಸ್ತು. ಇನ್ನೊಬ್ಬರು ತೊಡಲು ಹಿಂಜರಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಈ ಹಿಂಜರಿಕೆ ಬರೀ ಶುಚಿತ್ವದ ಹಿಂಜರಿಕೆಯಾಗಿ ಉಳಿಯುವುದಿಲ್ಲವೆಂಬುದನ್ನೂ ಮರೆಯಬಾರದು. ಎಂದ ಮೇಲೆ ಹೆಡ್‌ಸೆಟ್ ಹಾಡುವವರದೇ ಸ್ವಂತ ಆಸ್ತಿಯಾಗಬೇಕು, ತಂಬೂರಿ ಅವರದಾಗಿರುವಂತೆ.

ಸ್ವಂತದ್ದಾದರೆ ಅದನ್ನು ಪಳಗಿಸಿಕೊಳ್ಳಲೂ ಸಾಧ್ಯ. ಈ ಮೈಕಿಗೂ ಒಂದು ಅಭ್ಯಾಸ ಬೇಕು. ಕಡ್ಡಿಯ ತುದಿ ಬಾಯಿಯ ನೇರಕ್ಕಲ್ಲ, ತುಟಿಯ ಅಂಚಿಗೆ ಇರಬೇಕು. ಇಲ್ಲವಾದರೆ ‘ಪ’ಕಾರ, ‘ಭ’ಕಾರಗಳೆಲ್ಲ ಗುಂಡು ಹಾರಿಸಿದಂತೆ ಸಿಡಿಯುತ್ತವೆ. ತಾರಸ್ಥಾಯಿಗೆ ಏರುವಾಗ ಕೈಮೈಕನ್ನು ದೂರ ಹಿಡಿಯುವ ಉಪಾಯ ಇಲ್ಲಿ ನಡೆಯದು. ಏರಿಳಿತವನ್ನು ಕಂಠವೇ ನಿಭಾಯಿಸಬೇಕು. ರುದ್ರಾಕ್ಷಿ ಸರ ತಂತಿಗೆ ಉಜ್ಜಿದರೆ ಆ ಸದ್ದೂ ಊರಿಗೆಲ್ಲ ಕೇಳುತ್ತದೆ. ಪೇಟ ಸುತ್ತುವವರು ಮೊದಲು ಮೈಕು ತೊಟ್ಟು ಬಳಿಕ ಪೇಟ ಸುತ್ತುವುದು ಒಳಿತು. ಕೆಮ್ಮಿದ್ದು, ನಡುವೆ ಎಲೆಅಡಿಕೆ ಅಗಿದದ್ದು, ಹಿಮ್ಮೇಳದವರೊಡನೆ ಸಂಭಾವನೆಯ ಬಗ್ಗೆ ಪಿಸುಗುಟ್ಟಿದ್ದು ಯಾವುದನ್ನೂ ಈ ಯಂತ್ರ ಬಿಟ್ಟುಕೊಡುವುದಿಲ್ಲವಾದ್ದರಿಂದ ಸೊಂಟದ ಮ್ಯೂಟ್ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿರಬೇಕು. ಕರಿಘಟ್ಟದಂಥ ಗಾಳಿಯ ಜಾಗದಲ್ಲಿ ಸ್ಪಂಜಿನ ಟೊಪ್ಪಿಗೆ ಇಲ್ಲದೆ ಹಾಡುವುದೇ ಬೇಡ.

ಮೈಕಿನ ಜಾತಿಯನ್ನು ಆರಿಸುವುದರಲ್ಲಿಯೂ ವಿವೇಚನೆ ಬೇಕು. ಒಂದು ಬಗೆಯದು ಸುತ್ತಲಿನ ಧ್ವನಿಯನ್ನೆಲ್ಲ ಸಮನಾಗಿ ಗ್ರಹಿಸುತ್ತದೆ. ಇನ್ನೊಂದು ಬಾಯಿಯ ದಿಕ್ಕಿನದನ್ನು ಮುಖ್ಯವಾಗಿ ಗ್ರಹಿಸುತ್ತದೆ. ತಮಟೆ, ನಗಾರಿಗಳ ನಡುವೆ ಹಾಡುವವರಿಗೆ ಎರಡನೆಯದೇ ಮೇಲು. ಆದರೆ ಹೆಗಲಿಗಾನಿಸಿದ ತಂಬೂರಿಯ ಶ್ರುತಿಯೂ ಗಗ್ಗರದ ನಾದವೂ ಒಂದೇ ಮೈಕಿನಲ್ಲಿ ಕೂಡಿ ಬರಬೇಕೆನ್ನುವ ತತ್ತ್ವಪದದ ಒಂಟಿ ಗಾಯಕರಿಗೆ ಮೊದಲನೆಯದೇ ಹಿತ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಇನ್ನು ತರಂಗಾಂತರದ ಪ್ರಶ್ನೆ. ಅಗ್ಗದ ನಿಸ್ತಂತು ಮೈಕುಗಳಲ್ಲಿ ಹಲವು 2.4 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. 2005ರಲ್ಲಿ ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿದ ಈ ಪಟ್ಟಿಯಲ್ಲಿಯೇ ವೈ-ಫೈ, ಬ್ಲೂಟೂತ್‌ಗಳೂ ಓಡಾಡುತ್ತವೆ. ಮನುಷ್ಯರ ದೇಹ ಈ ತರಂಗವನ್ನು ಹೀರಿಕೊಳ್ಳುವುದರಿಂದ ಜನಸಂದಣಿಯ ಹಿಂದೆ ರಿಸೀವರ್ ಇಟ್ಟರೆ ರಿಹರ್ಸಲಿನಲ್ಲಿ ಚೆನ್ನಾಗಿದ್ದ ಮೈಕು ಜನ ಸೇರಿದ ಮೇಲೆ ತಡವರಿಸುತ್ತದೆ. ರಿಸೀವರನ್ನು ತಲೆಗಳಿಗಿಂತ ಎತ್ತರದಲ್ಲಿ, ಹಾಡುವವರಿಗೆ ಕಾಣುವಂತೆ ಇಡುವುದೇ ಇದಕ್ಕೆ ಮದ್ದು. ಇನ್ನೊಂದು ಬಗೆಯಾದ ಯುಎಚ್‌ಎಫ್ ಸೆಟ್ಟುಗಳನ್ನು ಹಳೆಯದೆಂದು ಅಗ್ಗಕ್ಕೆ ಕೊಳ್ಳುವವರು ತುಸು ಎಚ್ಚರ ವಹಿಸಬೇಕು. 700 ಮೆಗಾಹರ್ಟ್ಜ್‌ನ ತರಂಗಗಳು 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಮಾರಾಟವಾದವು. ಅಮೆರಿಕದಲ್ಲಿ ಅದೇ ಪಟ್ಟಿಯ ನಿಸ್ತಂತು ಮೈಕುಗಳನ್ನು 2010ರಲ್ಲಿಯೇ ನಿಷೇಧಿಸಲಾಯಿತು. ತರಂಗಾಂತರವನ್ನು ರಾಷ್ಟ್ರೀಯ ಸಂಪತ್ತೆಂದು ಹರಾಜು ಹಾಕುವ ಸರ್ಕಾರ, ಅದೇ ಗಾಳಿಯಲ್ಲಿ ಹಾಡಿ ಬದುಕುವವರಿಗೆ ಯಾವ ಮೈಕು ಕೊಳ್ಳಬಾರದೆಂದು ಸರಳ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಕೊಡುವುದು ಕಷ್ಟವೇನಲ್ಲ.

ಯಂತ್ರ ಬಂದು ಕಂಠಶಕ್ತಿ ಹೋಯಿತೆಂಬ ಆಕ್ಷೇಪ ಹಳೆಯದು. ಕಂಪನಿ ನಾಟಕದ ನಟರು ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುತ್ತಿದ್ದರು ಎಂಬುದು ನಿಜ. ಆದರೆ ಅವರ ಎದುರಿಗೆ ಜನರೇಟರಿನ ಗದ್ದಲವಾಗಲಿ, ಪಕ್ಕದಲ್ಲಿ ಜಯಂಟ್ ವೀಲಿನ ಸ್ಪೀಕರಾಗಲಿ ಇರಲಿಲ್ಲ. ಅರವತ್ತು ದಾಟಿದ ತಂಬೂರಿಯವರಿಗೆ ಆ ಗದ್ದಲದೊಡನೆ ಪೈಪೋಟಿ ಮಾಡೆಂದು ಹೇಳುವುದು ಪರಂಪರೆಯ ರಕ್ಷಣೆಯಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವಾದ್ಯಪರಿಕರ ಮತ್ತು ವೇಷಭೂಷಣ ಕೊಳ್ಳಲು ಧನಸಹಾಯ ನೀಡುತ್ತ ಬಂದಿದೆ. ವೃದ್ಧ ಕಲಾವಿದರಿಗೆ ಮಾಸಾಶನವೂ ಉಂಟು. ಹೊಸ ಯೋಜನೆಯೊಂದನ್ನು ರೂಪಿಸುವ ಅಗತ್ಯವಿಲ್ಲ. ‘ವಾದ್ಯಪರಿಕರ’ ಎಂಬ ಪದದ ವಿವರಣೆಯಲ್ಲಿ ನಿಸ್ತಂತು ಹೆಡ್‌ಸೆಟ್ ಮೈಕೂ ಸೇರಿದೆಯೆಂದು ಒಂದು ಸುತ್ತೋಲೆ ಹೊರಟರೆ ಸಾಕು. ಸರ್ಕಾರಿ ಕಡತಗಳೊಡನೆ ಮೂರು ದಶಕ ಕಳೆದವರಿಗೆ ಗೊತ್ತು, ಎಷ್ಟೋ ಅರ್ಜಿಗಳು ಹಣದ ಕೊರತೆಯಿಂದಲ್ಲ, ಒಂದು ಪದದ ಅರ್ಥದಿಂದ ತಿರಸ್ಕೃತವಾಗುತ್ತವೆ. ಸಂಘ ಸಂಸ್ಥೆಗಳಿಗಲ್ಲದೆ ಒಂಟಿ ಕಲಾವಿದರಿಗೂ ಈ ನೆರವು ನೇರವಾಗಿ ದೊರೆಯಬೇಕು. ಬಳಕೆಯ ತರಬೇತಿಗೆ ಜಾನಪದ ಅಕಾಡೆಮಿಯ ಒಂದು ದಿನದ ಕಮ್ಮಟ ಸಾಲದೆ ಹೋಗದು.

ಸರ್ಕಾರವೇ ನಡೆಸುವ ಉತ್ಸವಗಳಲ್ಲಿಯಂತೂ ಅದಕ್ಕೂ ಕಾಯಬೇಕಿಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ ಶ್ರೀರಂಗಪಟ್ಟಣದಲ್ಲಿ ಇಂದಿಗೂ ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಡುತ್ತದೆ. ವೇದಿಕೆಯ ಮೇಲೆ ಜನಪದ ಗಾಯಕರಿಗೂ ಅವಕಾಶವುಂಟು. ನಾನು ಸೇವೆಯಲ್ಲಿದ್ದಾಗ ಸಹಿ ಹಾಕಿದ ಧ್ವನಿವ್ಯವಸ್ಥೆಯ ಬಾಡಿಗೆ ಪಟ್ಟಿಗಳಲ್ಲಿ ಅತಿಥಿಗಳ ಪೋಡಿಯಂ ಮೈಕಿನ ವಿವರ ಇರುತ್ತಿತ್ತು, ಹಾಡುವವರ ಮೈಕಿನದು ಇರುತ್ತಿರಲಿಲ್ಲ. ಆ ಪಟ್ಟಿಗೆ ಈಗ ಮೂರು ಸಾಲು ಸೇರಬೇಕು: ಕಲಾವಿದರು ತಂದ ಹೆಡ್‌ಸೆಟ್‌ಗೆ ಮಿಕ್ಸರಿನಲ್ಲಿ ಒಂದು ಪ್ರತ್ಯೇಕ ಚಾನೆಲ್, ಒಂದು ಜೊತೆ ಹೊಸ ಸೆಲ್, ಮತ್ತು ಅತಿಥಿಗಳ ಭಾಷಣ ಶುರುವಾಗುವ ಮೊದಲೇ ಅವರಿಗೆ ಧ್ವನಿ ಹೊಂದಿಸಿಕೊಳ್ಳಲು ಹದಿನೈದು ನಿಮಿಷ.