ಹಿತ್ತಾಳೆ ಬೆಳಗುವ ಟಂಬ್ಲರ್

ಟೆಕ್ಸಾಸ್‌ನಲ್ಲಿರುವ ನಮ್ಮ ಟೀಮಿನ ಗೆಳೆಯನಿಗೆ ಗುರಿ ಹೊಡೆಯುವ ಹವ್ಯಾಸ. ಹಾರಿಸಿದ ತೋಟಾಗಳ ಹಿತ್ತಾಳೆ ಕವಚ ಬೆಳಗಿ ಮತ್ತೆ ತುಂಬುತ್ತಾನೆ. ‘ಯಾವ ಟಂಬ್ಲರ್ ಕೊಳ್ಳಲಿ?’ ಎಂದು ಮೊನ್ನೆ ಕೇಳಿದ. ನನಗೆ ಗೊತ್ತಿದ್ದ ಟಂಬ್ಲರ್ ಕಾಫಿಯದು! ಓದಿ ನೋಡಿದೆ.

ಅದುರುವ ಯಂತ್ರಕ್ಕೆ ಅಕ್ರೋಟು ಚಿಪ್ಪಿನ ಪುಡಿ ಸಾಕು. ಆದರೆ ಸೀಸ ಬೆರೆತ ಧೂಳೇಳುತ್ತದೆ. ಉರುಳುವ ಯಂತ್ರಕ್ಕೆ ನೀರು, ಸ್ಟೀಲ್ ಪಿನ್ನು, ಚಿಟಿಕೆ ಸಿಟ್ರಿಕ್ ಆಮ್ಲ. ಒಣಗಿಸುವ ಕೆಲಸ ಹೆಚ್ಚು, ಧೂಳಿಲ್ಲ. ‘ಮನೇಲಿ ಮಗು ಇದೆ, ಎರಡನೆಯದೇ ತಗೋ. ಆ ನೀರನ್ನು ಅಡುಗೆಮನೆ ಸಿಂಕಿಗೆ ಸುರೀಬೇಡ’ ಎಂದೆ.

ಅಮೋನಿಯಾ ಇರುವ ಪಾಲಿಶೂ ಬೇಡ. ಬ್ರಿಟಿಷರ ಕಾಲದಲ್ಲಿ, ನಮ್ಮ ಮಳೆಗಾಲದ ತೇವದಲ್ಲಿ, ಕುದುರೆ ಲಾಯದಲ್ಲಿಟ್ಟ ತೋಟಾಗಳು ಬಿರುಕು ಬಿಡುತ್ತಿದ್ದವು. ಗಂಜಲದ ಅಮೋನಿಯಾವೇ ಕಾರಣವೆಂದು ತಿಳಿದದ್ದು 1921ರಲ್ಲಿ.

ಅಜ್ಜಿಯ ದೀಪಕ್ಕೆ ನಾನಂತೂ ಹುಣಸೆಹಣ್ಣನ್ನೇ ಹಚ್ಚುತ್ತೇನೆ. ಅದೂ ಆಮ್ಲವೇ ತಾನೆ!