ಯಂತ್ರದ ಪಕ್ಕದಲ್ಲಿ ನಿಂತವರು



ಹೋಟೆಲೊಂದರಲ್ಲಿ ಕೆಲಸಕ್ಕಿರುವ ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. "ನಮ್ಮಲ್ಲಿಗೂ ರೋಬಾಟ್ ತರುತ್ತಾರಂತೆ ಸಾರ್" ಎಂದ. ದನಿಯಲ್ಲಿ ಅಳುಕಿತ್ತು. ಅವನಿಗೆ ನಾನು ಜಪಾನಿನ ಹೋಟೆಲೊಂದರ ಕಥೆ ಹೇಳಿದೆ.

ನಾಗಸಾಕಿ ಪ್ರಾಂತ್ಯದಲ್ಲಿ 2015ರ ಜುಲೈ ತಿಂಗಳಲ್ಲಿ 'ಹೆನ್ ನಾ ಹೋಟೆಲ್' ಆರಂಭವಾಯಿತು. ಹೆನ್ ನಾ ಎಂದರೆ 'ವಿಚಿತ್ರ' ಎಂದರ್ಥ. ಸ್ವಾಗತಕ್ಕೆ ಯಾಂತ್ರಿಕ ಡೈನೋಸಾರ್, ಸಾಮಾನು ಸಾಗಿಸಲು ರೋಬಾಟ್, ಕೋಣೆಯಲ್ಲಿ ಮಾತನಾಡುವ ಗೊಂಬೆ. ರೋಬಾಟುಗಳು ನಡೆಸುವ ಜಗತ್ತಿನ ಮೊದಲ ಹೋಟೆಲೆಂದು ಅದು ಗಿನ್ನೆಸ್ ದಾಖಲೆಗೂ ಸೇರಿತು. ಆದರೆ ಅಲ್ಲಿನ 243 ರೋಬಾಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೈಬಿಡಲಾಗಿದೆಯೆಂದು 2019ರ ಜನವರಿಯಲ್ಲಿ ವರದಿಯಾಯಿತು. ಗೊಂಬೆಯು ಅತಿಥಿಯ ಗೊರಕೆಯನ್ನು ಪ್ರಶ್ನೆಯೆಂದು ಭಾವಿಸಿ ನಡುರಾತ್ರಿ ಎಬ್ಬಿಸುತ್ತಿತ್ತು. ಪಾಸ್‌ಪೋರ್ಟಿನ ನಕಲು ತೆಗೆಯಲು ಡೈನೋಸಾರಿಗೆ ಮನುಷ್ಯನ ನೆರವೇ ಬೇಕಾಯಿತು. ಸಾಮಾನು ಸಾಗಿಸುವ ಯಂತ್ರ ಮಳೆ, ಹಿಮಗಳಲ್ಲಿ ಕೆಡುತ್ತಿತ್ತು. ಇವನ್ನೆಲ್ಲ ಸಂಭಾಳಿಸುತ್ತ ನೌಕರರು ಹೆಚ್ಚು ಹೊತ್ತು ದುಡಿಯಬೇಕಾಯಿತು.

ಗೊರಕೆಯ ಪ್ರಸಂಗಕ್ಕೆ ಶಿಷ್ಯ ನಕ್ಕ. ನನಗೆ ನೆನಪಾದವರು ನಮ್ಮ ಶಾಲೆಯ ಗುಮಾಸ್ತರು. ಕಚೇರಿಗೆ ಕಂಪ್ಯೂಟರ್ ಬಂದ ವರ್ಷ ಎಲ್ಲ ಲೆಕ್ಕವನ್ನೂ ಅದರಲ್ಲಿ ತುಂಬಬೇಕೆಂದು ಆದೇಶವಾಯಿತು. ಅದನ್ನು ಪೂರ್ತಿ ನಂಬಲಾಗದೆಂದು ಹಳೆಯ ರಿಜಿಸ್ಟರುಗಳನ್ನೂ ಬರೆಯಿಸಲಾಯಿತು. ಸಂಜೆ ಶಾಲೆಯ ದೀಪವಾರಿಸಿ ಕೊನೆಗೆ ಹೊರಡುವವರು ಅವರೇ. "ನಿಮ್ಮ ಕೆಲಸ ಹಗುರವಾಯಿತಲ್ಲ!" ಎಂದು ನಾನೂ ಒಮ್ಮೆ ಅಂದಿದ್ದೆ. ಅವರು ಉತ್ತರಿಸಲಿಲ್ಲ. ಆ ಮಾತಿಗಾಗಿ ಇಂದಿಗೂ ನನಗೆ ನಾಚಿಕೆಯಿದೆ.

ನಾನು ಯಂತ್ರವಿರೋಧಿಯಲ್ಲ. ಭಾರ ಹೊತ್ತು ಬೆನ್ನು ಸವೆದವನಿಗೆ, ದಿನವಿಡೀ ಬಗ್ಗಿ ಹಾಸಿಗೆ ಬದಲಿಸುವವಳಿಗೆ ಯಂತ್ರ ನೆರವಾಗುವುದಾದರೆ ಬರಲಿ. ಆದರೆ ಅದನ್ನು ಕೊಳ್ಳುವ ಮುನ್ನ, ಅದರ ಪಕ್ಕದಲ್ಲಿ ದುಡಿಯಬೇಕಾದವರನ್ನು ಒಂದು ಮಾತು ಕೇಳಬೇಕು. ಅದು ಕೆಟ್ಟಾಗ ಓಡಾಡುವ ಹೊತ್ತು, ಅದರ ತಪ್ಪಿಗೆ ಅತಿಥಿಯಿಂದ ಬೈಸಿಕೊಳ್ಳುವ ಹೊತ್ತು, ಇವೂ ದುಡಿಮೆಯೇ. ಸಂಬಳದ ಲೆಕ್ಕದಲ್ಲಿ ಅವೂ ಸೇರಬೇಕು. ಯಂತ್ರ ಉಳಿಸಿದ ಶ್ರಮದಲ್ಲಿ ಒಂದು ಪಾಲು ನೌಕರನ ವಿಶ್ರಾಂತಿಗೆ ಸಲ್ಲದಿದ್ದರೆ ಅದನ್ನು ಪ್ರಗತಿಯೆಂದು ಕರೆಯಲು ನನ್ನ ಮನಸ್ಸೊಪ್ಪದು.

ಕೆಲಸ ಹೋಗಲಾರದೆಂಬ ಭರವಸೆಯನ್ನು ಶಿಷ್ಯನಿಗೆ ನಾನು ಕೊಡಲಿಲ್ಲ, ಕೊಡಬಲ್ಲವನೂ ಅಲ್ಲ. ಒಂದು ನೋಟುಪುಸ್ತಕ ಕೊಟ್ಟೆ. "ದಿನವೂ ಎಷ್ಟು ಗಂಟೆಗೆ ಮನೆ ಸೇರಿದೆಯೆಂದು ಇಂದಿನಿಂದಲೇ ಬರೆದಿಡು. ರೋಬಾಟ್ ಬಂದ ಮೇಲೂ ಬರೆ. ಆರು ತಿಂಗಳಾದ ಮೇಲೆ ತಂದು ತೋರಿಸು" ಎಂದೆ.

"ಹೋಮ್‌ವರ್ಕ್ ಬಿಡಲಿಲ್ಲ ನೀವು" ಎಂದು ನಗುತ್ತ ಹೊರಟ. ಪುಸ್ತಕಕ್ಕಾಗಿ ಕಾಯುತ್ತಿದ್ದೇನೆ.